ಬೆರಳಿನಿಂದ ತಟ್ಟಿದರೆ ಬಾಯಿ ಚಪಲ ಇಳಿಯುತ್ತದಾ? ಮನೆಯಲ್ಲೇ ಪರೀಕ್ಷೆ ಮಾಡಿ

ಮುಖ ಮತ್ತು ಎದೆಯ ಕೆಲವು ಜಾಗಗಳನ್ನು ಎರಡು ಬೆರಳಿನಿಂದ ತಟ್ಟುತ್ತಾ, ಮನಸ್ಸಿನಲ್ಲಿರುವುದನ್ನು ಬಾಯಿಬಿಟ್ಟು ಹೇಳುವ ಚಿಕಿತ್ಸೆಯೊಂದಿದೆ. ಹೆಸರು ಇಎಫ್‌ಟಿ, ಅಂದರೆ ಎಮೋಷನಲ್ ಫ್ರೀಡಂ ಟೆಕ್ನಿಕ್. ಜನ ಟ್ಯಾಪಿಂಗ್ ಅನ್ನುತ್ತಾರೆ. ಅಮೆರಿಕದ ರೋಜರ್ ಕ್ಯಾಲಹನ್ ಶುರು ಮಾಡಿದ್ದ ಪದ್ಧತಿಯನ್ನು 1990ರ ದಶಕದಲ್ಲಿ ಗ್ಯಾರಿ ಕ್ರೇಗ್ ಸುಲಭ ಮಾಡಿದರು. ತಟ್ಟುವ ಜಾಗಗಳನ್ನು ಆಕ್ಯುಪ್ರೆಶರ್ ಬಿಂದುಗಳಿಂದ ತೆಗೆದುಕೊಂಡಿದ್ದಾರೆ.

ಮಂಗಳೂರಿನಲ್ಲಿ ಇದನ್ನು ಕಲಿತವರು ಪರೀಕ್ಷೆ ಮಾಡುವುದನ್ನು ಹತ್ತಿರದಿಂದ ನೋಡಿದ್ದೇನೆ. ತುಂಬಾ ಜನ ಒಂದೇ ಕಡೆ ಎಡವುತ್ತಾರೆ. ಬಿಸಿ ಗೋಳಿಬಜೆ ಎದುರಿಗಿಟ್ಟುಕೊಂಡು ಹತ್ತು ನಿಮಿಷ ತಟ್ಟುತ್ತಾರೆ. "ಆಸೆ ಹೋಯ್ತು" ಅನ್ನುತ್ತಾರೆ. ಅಷ್ಟರಲ್ಲಿ ಗೋಳಿಬಜೆ ತಣ್ಣಗಾಗಿ ಮೆತ್ತಗಾಗಿರುತ್ತದೆ. ಆಸೆ ಇಳಿದದ್ದು ತಟ್ಟಿದ್ದರಿಂದಲೋ, ತಣ್ಣಗಾದದ್ದರಿಂದಲೋ? ಹೇಳಲು ದಾರಿಯೇ ಇಲ್ಲ. ಹಾಗಾಗಿ ಹೀಗೆ ಮಾಡಿ.

1. ತಿಂಡಿ ಆರಿಸಿ. ಹತ್ತು ನಿಮಿಷದಲ್ಲಿ ರುಚಿ, ವಾಸನೆ ಬದಲಾಗದ್ದೇ ಬೇಕು. ಬನ್ಸ್, ಚಟ್ಟಂಬಡೆ, ಗಡ್‌ಬಡ್ ಯಾವುದೂ ಆಗುವುದಿಲ್ಲ. ಹಲಸಿನಕಾಯಿ ಚಿಪ್ಸ್ ಒಳ್ಳೆಯದು. ಮಳೆಗಾಲದಲ್ಲಿ ಅದನ್ನು ಸ್ಟೀಲ್ ಡಬ್ಬಿಯಲ್ಲಿ ಗಟ್ಟಿಯಾಗಿ ಮುಚ್ಚಿಡಿ. ಪರೀಕ್ಷೆ ಮುಗಿಯುವವರೆಗೂ ಅದೇ ತಿಂಡಿ, ಅಷ್ಟೇ ಪ್ರಮಾಣ.

2. ಹಸಿವಲ್ಲ ಎಂದು ಖಚಿತ ಮಾಡಿಕೊಳ್ಳಿ. ಗಂಜಿ, ಉಪ್ಪಿನಕಾಯಿ ಕೊಟ್ಟರೂ ಸಾಕು ಅನಿಸಿದರೆ ಅದು ಹಸಿವು. ಹೋಗಿ ಊಟ ಮಾಡಿ. ಚಿಪ್ಸೇ ಬೇಕು ಅನಿಸಿದರೆ ಮಾತ್ರ ಕುಳಿತುಕೊಳ್ಳಿ. ದಿನವೂ ಒಂದೇ ಹೊತ್ತಿಗೆ ಮಾಡಿ. ಊಟವಾಗಿ ಎರಡೂವರೆ ಗಂಟೆಯ ನಂತರದ ಸಂಜೆ ಹೊತ್ತು ಸರಿ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಇಲ್ಲಿ ನಿಲ್ಲಿ. ಕೈ ನಡುಕ, ಬೆವರು, ಒಮ್ಮೆಲೇ ಸಿಹಿ ಬೇಕು ಅನಿಸುವುದು ಸಕ್ಕರೆ ಇಳಿದದ್ದರ ಲಕ್ಷಣ ಇರಬಹುದು. ಆಗ ತಟ್ಟುತ್ತಾ ಕೂರಬೇಡಿ, ಮೊದಲು ಸಕ್ಕರೆ ತಿನ್ನಿ. ತಡೆಯಲಾಗದೆ ತಿಂದು ಆಮೇಲೆ ವಾಂತಿ ಮಾಡುವವರಿಗೂ ಈ ಪರೀಕ್ಷೆ ಬೇಡ. ಮನೋವೈದ್ಯರನ್ನು ನೋಡಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು.

3. ಅಂಕ ಬರೆಯಿರಿ, ಆಮೇಲೆ ನಾಣ್ಯ ಚಿಮ್ಮಿ. ಇಡೀ ಪರೀಕ್ಷೆ ನಿಂತಿರುವುದು ಇಲ್ಲಿ. ಅವಸರ ಮಾಡಬೇಡಿ.

ಡಬ್ಬಿ ತೆರೆದು ಚಿಪ್ಸನ್ನು ಬಟ್ಟಲಿಗೆ ಹಾಕಿ. ಮೂಸಿ ನೋಡಿ. ಆಸೆ ಎಷ್ಟಿದೆ ಎಂದು 0ಯಿಂದ 10ರೊಳಗೆ ಒಂದು ಅಂಕ ಕೊಡಿ. ಎದುರಿಗಿದ್ದರೂ ಲೆಕ್ಕಕ್ಕಿಲ್ಲ ಅಂದರೆ 0. ಕಣ್ಣು ಮತ್ತೆ ಮತ್ತೆ ಅತ್ತ ಹೋಗುತ್ತಿದ್ದರೆ 5. ಕೈ ಆಗಲೇ ಬಟ್ಟಲಿನ ಹತ್ತಿರ ಹೋಗಿದ್ದರೆ 10. ಪೆನ್ನಿನಲ್ಲಿ ಬರೆಯಿರಿ. ಮನಸ್ಸಿನಲ್ಲಿ ಇಟ್ಟುಕೊಂಡರೆ ಆಮೇಲೆ ಅದು ನಮಗೆ ಬೇಕಾದ ಹಾಗೆ ಬದಲಾಗುತ್ತದೆ. ಬರೆದ ಮೇಲೆ ಕಾಗದ ಮಡಚಿಡಿ.

ಈಗ ನಾಣ್ಯ. ಹೆಡ್ಸ್ ಬಿದ್ದರೆ ಕೆಳಗೆ 4ರಲ್ಲಿ ಹೇಳಿದ ಜಾಗಗಳಲ್ಲಿ ತಟ್ಟಿ. ಟೇಲ್ಸ್ ಬಿದ್ದರೆ ತೊಡೆ, ಮೊಣಕಾಲು, ಮುಂಗೈ ಹೀಗೆ ಸಂಬಂಧವಿಲ್ಲದ ಜಾಗಗಳಲ್ಲಿ ಅಷ್ಟೇ ಸಲ, ಅಷ್ಟೇ ಹೊತ್ತು ತಟ್ಟಿ. ಹೇಳುವ ಮಾತು ಎರಡೂ ದಿನ ಒಂದೇ ಇರಲಿ. ಜಾಗವನ್ನೂ ಮಾತನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ.

ಅಂಕ ಬರೆಯುವ ಮೊದಲೇ ನಾಣ್ಯ ಚಿಮ್ಮಬಾರದು. "ಇವತ್ತು ಸರಿಯಾದ ಜಾಗ" ಎಂದು ಗೊತ್ತಾದ ಕೂಡಲೇ ಮೊದಲ ಅಂಕವನ್ನು ಒಂದಿಷ್ಟು ಏರಿಸಿ ಬರೆಯುತ್ತೇವೆ. ಬೇಕೆಂದೇ ಅಲ್ಲ, ಎಲ್ಲರಿಗೂ ಹಾಗೇ ಆಗುತ್ತದೆ.

ಇಷ್ಟೆಲ್ಲ ಯಾಕೆ? 2011ರಲ್ಲಿ ಪ್ರಕಟವಾದ ಪೀಟಾ ಸ್ಟೇಪಲ್ಟನ್ ಮತ್ತು ಸಂಗಡಿಗರ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ತೂಕ ಜಾಸ್ತಿ ಇದ್ದ 96 ಜನರಿದ್ದರು. ನಾಲ್ಕು ವಾರದ ಟ್ಯಾಪಿಂಗ್ ನಂತರ ತಿನ್ನುವ ಚಪಲ ಇಳಿಯಿತು. ಆದರೆ ಹೋಲಿಸಿದ್ದು ಸರದಿಗಾಗಿ ಕಾಯುತ್ತಿದ್ದವರ ಜೊತೆ. ಕಾಯುವವರಿಗೆ ತಮಗೆ ಏನೂ ಸಿಕ್ಕಿಲ್ಲ ಎಂದು ಗೊತ್ತಿರುತ್ತದೆ, ಅಲ್ವಾ? 2003ರಲ್ಲಿ ವೇಟ್ ಮತ್ತು ಹೋಲ್ಡರ್ ಭಯದ ಬಗ್ಗೆ ಮಾಡಿದ ಪ್ರಯೋಗದಲ್ಲಿ ಕೆಲವರು ಸರಿಯಾದ ಬಿಂದು ತಟ್ಟಿದರು, ಕೆಲವರು ತೋಳಿನ ಬೇರೆ ಜಾಗ, ಇನ್ನು ಕೆಲವರು ಗೊಂಬೆಯನ್ನು ತಟ್ಟಿದರು. ಮೂರೂ ಗುಂಪಿನಲ್ಲಿ ಭಯ ಇಳಿಯಿತು. ತೊಡೆ ತಟ್ಟುವ ದಿನ ಬೇಕು ಅನ್ನುವುದು ಅದಕ್ಕೇ.

4. ತಟ್ಟಿ. ಇದು ಸುಲಭ. ಅಂಗೈಯ ಕಿರುಬೆರಳಿನ ಬದಿ ತಟ್ಟುತ್ತಾ ಮೂರು ಸಲ ಹೇಳಿ: "ಈ ಚಿಪ್ಸ್ ತಿನ್ನಲೇಬೇಕು ಅನಿಸುತ್ತಿದ್ದರೂ ನಾನು ನನ್ನನ್ನು ಪೂರ್ತಿ ಒಪ್ಪಿಕೊಳ್ಳುತ್ತೇನೆ." ತುಳು, ಕೊಂಕಣಿ, ಬ್ಯಾರಿ, ಮನೆಯಲ್ಲಿ ಯಾವ ಭಾಷೆಯೋ ಅದರಲ್ಲೇ ಹೇಳಿ. ಆಮೇಲೆ "ಈ ಆಸೆ, ಈ ಆಸೆ" ಅನ್ನುತ್ತಾ ಹುಬ್ಬಿನ ಶುರು, ಕಣ್ಣಿನ ಬದಿ, ಕಣ್ಣಿನ ಕೆಳಗೆ, ಮೂಗಿನ ಕೆಳಗೆ, ಗದ್ದ, ಕೊರಳೆಲುಬಿನ ಕೆಳಗೆ, ಕಂಕುಳಿಂದ ನಾಲ್ಕು ಬೆರಳು ಕೆಳಗೆ, ಕೊನೆಗೆ ನೆತ್ತಿ. ಒಂದೊಂದು ಕಡೆ ಏಳು ಸಲ. ಮೂರು ಸುತ್ತು. ಟೇಲ್ಸ್ ದಿನ ಈ ಪ್ರತಿಯೊಂದು ಜಾಗದ ಬದಲಿಗೂ ನೀವು ಆರಿಸಿದ ಬೇರೆ ಜಾಗ ಇರಲಿ.

ಜಾತ್ರೆಯಲ್ಲಿ ಸಿಗುವ ಮುಳ್ಳಿನ ರೋಲರ್, ಕಿವಿಗೆ ಅಂಟಿಸುವ ಅಯಸ್ಕಾಂತ, ಬ್ಯಾಟರಿ ಪೆನ್ನು ಯಾವುದೂ ಬೇಡ. ಸುಮ್ನೆ ದುಡ್ಡು ದಂಡ. ಎರಡೇ ನಿಮಿಷದಲ್ಲಿ ಚಪಲ ಮಾಯ ಎನ್ನುವ ಯೂಟ್ಯೂಬ್ ವಿಡಿಯೊ ಹಾಕಿಕೊಂಡೂ ಮಾಡಬೇಡಿ. ಅದರ ಸಂಗೀತವೇ ಗಮನ ಬೇರೆ ಕಡೆ ಎಳೆಯುತ್ತದೆ.

5. ಮತ್ತೆ ಅಂಕ. ತಟ್ಟಿ ಮುಗಿದ ಕೂಡಲೇ ಒಮ್ಮೆ, ಇಪ್ಪತ್ತು ನಿಮಿಷ ಬಿಟ್ಟು ಇನ್ನೊಮ್ಮೆ, ಮತ್ತೆ ಚಿಪ್ಸ್ ಮೂಸಿ ಬರೆಯಿರಿ. ಮೊದಲ ಅಂಕವನ್ನು ತೆರೆದು ನೋಡಬೇಡಿ. ಟ್ಯಾಪಿಂಗ್ ಕಲಿಸಿದವರು ಪಕ್ಕದಲ್ಲಿ ಇರಬಾರದು. ಅವರಿಗೆ ಬೇಜಾರಾಗಬಾರದು ಎಂದು ನಮ್ಮ ಅಂಕ ತಾನಾಗಿ ಇಳಿಯುತ್ತದೆ. ಅಂಕ ಬರೆದಾದ ಮೇಲೆ ಚಿಪ್ಸ್ ತಿನ್ನುವುದು, ಬಿಡುವುದು ನಿಮ್ಮಿಷ್ಟ.

6. ಲೆಕ್ಕ ಹಾಕಿ. ಎರಡು ವಾರ ಮಾಡಿ. ಹೆಡ್ಸ್, ಟೇಲ್ಸ್ ಎರಡೂ ಕನಿಷ್ಠ ಆರಾರು ದಿನ ಬರುವವರೆಗೆ ನಿಲ್ಲಿಸಬೇಡಿ. ದಿನಕ್ಕೆ ಎಷ್ಟು ಅಂಕ ಇಳಿಯಿತು ಎಂದು ಕಳೆದು, ಎರಡರ ಸರಾಸರಿಯನ್ನೂ ಬೇರೆ ಬೇರೆ ತೆಗೆಯಿರಿ. ಹೆಡ್ಸ್ ದಿನಗಳ ಸರಾಸರಿ ಇಳಿಕೆ ಟೇಲ್ಸ್ ದಿನಗಳದ್ದಕ್ಕಿಂತ ಎರಡು ಅಂಕಕ್ಕೂ ಜಾಸ್ತಿ ಇದ್ದರೆ ಇನ್ನೂ ಎರಡು ವಾರ ಮುಂದುವರಿಸಿ ನೋಡಿ. ಎರಡೂ ಹೆಚ್ಚುಕಮ್ಮಿ ಒಂದೇ ಬಂದರೆ ನಿಮಗೆ ಆ ಬಿಂದುಗಳು ಮುಖ್ಯವಲ್ಲ. ತಡೆದು ಕೂತದ್ದೋ, ಆಸೆಯನ್ನು ಬಾಯಿಬಿಟ್ಟು ಹೇಳಿದ್ದೋ ಕೆಲಸ ಮಾಡಿರಬಹುದು. ಅದನ್ನು ಖರ್ಚಿಲ್ಲದೆ ಮುಂದುವರಿಸಿ. ಟ್ಯಾಪಿಂಗ್ ಕಲಿಸುವವರ ಎರಡನೇ ಹಂತದ ಶಿಬಿರಕ್ಕೆ ಹಣ ಕಟ್ಟಬೇಡಿ.