ಸವಳು ನೀರಿನ ಊರಲ್ಲಿ ರೇಷ್ಮೆ ಹಾಸಿಗೆ-ಹೊದಿಕೆ: ನನ್ನ ಅನುಭವ

ರೇಷ್ಮೆಯ ದಿಂಬಿನ ಕವರ್, ಬೆಡ್‌ಶೀಟ್ ಮನೆಯಲ್ಲೇ ಒಗೆಯಬಹುದಾ ಅಂತ ಪರಿಚಯದವರು ಕೇಳುತ್ತಿರುತ್ತಾರೆ. ಧಾರಾಳವಾಗಿ ಒಗೆಯಬಹುದು. ಚಿತ್ರದುರ್ಗದ ನಮ್ಮ ಮನೆಯಲ್ಲಿ ನಾನು ಹಾಗೇ ಮಾಡುತ್ತೇನೆ. ಬಟ್ಟೆ ಇವತ್ತಿಗೂ ಮೆತ್ತಗಿದೆ, ಹೊಳಪೂ ಇದೆ. ಹೌದು ಅಂದ ಕೂಡಲೇ ಅವರ ಮುಂದಿನ ಪ್ರಶ್ನೆ ಯಾವ ಸೋಪು ಅಂತ. ನಾನು ತಿರುಗಿ ಕೇಳುವುದು ನಿಮ್ಮ ಮನೆಗೆ ಯಾವ ನೀರು ಅಂತ.

ನಮ್ಮ ಕಡೆ ಬೋರ್ ನೀರಿನಲ್ಲಿ ಸುಣ್ಣದಂಶ ಜಾಸ್ತಿ. ನಲ್ಲಿಯ ಬಾಯಿಗೆ, ಬಕೆಟ್ಟಿನ ಅಂಚಿಗೆ ಬಿಳಿ ಪೊರೆ ಕಟ್ಟುತ್ತದಲ್ಲ, ಗೀಸರ್ ಕಾಯಿಲ್ ಮೇಲೆ ಗಟ್ಟಿಯಾಗಿ ಕೂರುತ್ತದಲ್ಲ, ಅದೇ ಇದು. ಸೋಪಿನ ಜೊತೆ ಸೇರಿದಾಗ ನೊರೆ ಏಳಲು ಬಿಡದೆ ಜಿಗುಟು ಗಸಿಯಾಗುತ್ತದೆ. ಹತ್ತಿ ಬಟ್ಟೆಯ ಮೇಲೆ ಆ ಗಸಿ ಕೂತರೂ ಅಷ್ಟಾಗಿ ಕಾಣುವುದಿಲ್ಲ. ರೇಷ್ಮೆ ಹೊಳೆಯುವುದೇ ಅದರ ಎಳೆ ನುಣುಪಾಗಿರುವುದರಿಂದ. ಎಳೆಯ ಮೇಲೆ ಗಸಿ ಕೂತರೆ ಹೊಳಪು ಮಂಕಾಗುತ್ತದೆ, ಮುಟ್ಟಿದರೆ ಒರಟು ಅನಿಸುತ್ತದೆ. ಆಗ ಬಟ್ಟೆ ಹಳೆಯದಾಯಿತು, ಕಂಪನಿ ಮೋಸ ಮಾಡಿತು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಆ ಬಟ್ಟೆಯಲ್ಲಿ ಕೂತಿರುವುದು ನಮ್ಮೂರ ಸುಣ್ಣ ಅಷ್ಟೇ.

ಹಾಗಾಗಿ ನಲ್ಲಿ ನೀರು ಬಿಟ್ಟ ದಿನವೇ ನಮ್ಮ ಮನೆಯಲ್ಲಿ ರೇಷ್ಮೆ ಒಗೆಯುವ ದಿನ. ಚಿತ್ರದುರ್ಗಕ್ಕೆ ಶಾಂತಿಸಾಗರದಿಂದ, ವಾಣಿವಿಲಾಸ ಸಾಗರದಿಂದ ಬರುವ ನೀರು ಬೋರ್ ನೀರಿಗಿಂತ ಎಷ್ಟೋ ಮೆದು. ಅದನ್ನು ಎರಡು ಬಕೆಟ್ ಪಕ್ಕಕ್ಕೆ ಹಿಡಿದಿಟ್ಟುಕೊಳ್ಳುತ್ತೇನೆ. ನಲ್ಲಿ ಬಾರದ ವಾರ ಬೋರ್ ನೀರಿನಲ್ಲೇ ಒಗೆದು, ಕೊನೆಯ ಜಾಲಿಸುವಿಕೆಗೆ ಮಾತ್ರ ಶುದ್ಧ ನೀರಿನ ಘಟಕದಿಂದ ತಂದ ಫಿಲ್ಟರ್ ನೀರು ಬಳಸುತ್ತೇನೆ. ದಿಂಬಿನ ಕವರ್‌ಗಳಿಗೆ ಒಂದು ಕ್ಯಾನ್ ಧಾರಾಳವಾಗಿ ಸಾಕು. ಕುಡಿಯುವ ನೀರನ್ನು ಬಟ್ಟೆಗೆ ಹಾಕುತ್ತೀಯಾ ಅಂತ ಮನೆಯಲ್ಲಿ ಕೇಳಿದ್ದುಂಟು. ಜಾಲಿಸಿದ ನೀರನ್ನು ಗಿಡಕ್ಕೆ ಹಾಕುತ್ತೇನೆ, ಚರಂಡಿಗೆ ಬಿಡುವುದಿಲ್ಲ. ಮಳೆಗಾಲದಲ್ಲಿ ತಾರಸಿಯಿಂದ ಹಿಡಿದ ನೀರು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ.

ಇನ್ನು ಸೋಪು. ರೇಷ್ಮೆ ನಮ್ಮ ತಲೆಗೂದಲಿನ ಹಾಗೆ, ಪ್ರೋಟೀನ್‌ನಿಂದ ಆದದ್ದು. ಇದೊಂದು ನೆನಪಿದ್ದರೆ ಯಾವುದು ಬೇಕು, ಯಾವುದು ಬೇಡ ಅಂತ ನಾವೇ ತೀರ್ಮಾನಿಸಬಹುದು. ಕಲೆ ತೆಗೆಯುತ್ತದೆ ಅಂತ ಜಾಹೀರಾತು ಬರುವ ಪೌಡರ್‌ಗಳಲ್ಲಿ ಬಹಳಷ್ಟಕ್ಕೆ ಎಂಜೈಮ್ ಹಾಕಿರುತ್ತಾರೆ. ರಕ್ತ, ಹಾಲು, ಮೊಟ್ಟೆಯಂಥ ಪ್ರೋಟೀನ್ ಕಲೆಗಳನ್ನು ಒಡೆಯುವುದು ಅದರ ಕೆಲಸ. ಅದಕ್ಕೆ ಕಲೆ ಯಾವುದು, ಬಟ್ಟೆ ಯಾವುದು ಅಂತ ಗೊತ್ತಾಗುವುದಿಲ್ಲ, ರೇಷ್ಮೆಯನ್ನೂ ನಿಧಾನಕ್ಕೆ ತಿನ್ನುತ್ತದೆ. ಬಾರ್ ಸೋಪು, ವಾಷಿಂಗ್ ಸೋಡಾ ಕ್ಷಾರ ಜಾಸ್ತಿ ಇರುವಂಥವು, ಅವೂ ಬೇಡ. ಬ್ಲೀಚ್ ಅಂತೂ ಹತ್ತಿರವೂ ತರಬಾರದು. ಕ್ಲೋರಿನ್ ತಾಗಿದ ರೇಷ್ಮೆ ಹಳದಿಯಾಗಿ ಸತ್ವ ಕಳೆದುಕೊಳ್ಳುತ್ತದೆ.

ನಮ್ಮ ಅತ್ತೆಯವರ ತವರು ಮೊಳಕಾಲ್ಮೂರು ಕಡೆ. ಮಗ್ಗದ ಸದ್ದಿನಲ್ಲೇ ಬೆಳೆದವರು. ಅವರು ಒಮ್ಮೆ ಕೇಳಿದರು, "ಅಲ್ಲವ್ವಾ, ನೇಯೋಕೆ ಮುಂಚೆ ರೇಷ್ಮೆನ ಸೋಪು ಸೋಡಾ ಹಾಕಿ ಕುದಿಸ್ತಾರಲ್ಲ, ಆಗ ಏನೂ ಆಗದ್ದು ಈಗ್ಯಾಕೆ ಆಗ್ತದೆ?" ಸರಿಯಾದ ಪ್ರಶ್ನೆ. ಗೂಡಿನಿಂದ ತೆಗೆದ ನೂಲಿನ ಮೇಲೆ ಸೆರಿಸಿನ್ ಅನ್ನುವ ಅಂಟು ಇರುತ್ತದೆ. ನೂಲಿನ ತೂಕದಲ್ಲಿ ಸುಮಾರು ಕಾಲು ಭಾಗ ಅದೇ. ಆ ಕುದಿತದಲ್ಲಿ ಮೊದಲು ಕರಗುವುದು ಅದು. ಅಷ್ಟು ಕರಗಿದ ಕೂಡಲೇ ನೂಲನ್ನು ಹೊರಗೆ ತೆಗೆಯುತ್ತಾರೆ. ನಮ್ಮ ಕೈಗೆ ಬರುವ ಬಟ್ಟೆಯಲ್ಲಿ ಆ ಹೊದಿಕೆ ಇಲ್ಲ, ಬರೀ ಒಳಗಿನ ಎಳೆ ಇದೆ. ಈಗ ಸೋಡಾ ಹಾಕಿದರೆ ಅದು ನೇರ ಎಳೆಯ ಮೇಲೆ ಕೂರುತ್ತದೆ.

ತಿಳಿ ಬಣ್ಣದವಕ್ಕೆ ನಾನು ಬಳಸುವುದು ಉಣ್ಣೆ, ರೇಷ್ಮೆಗೆಂದೇ ಬರುವ ಲಿಕ್ವಿಡ್. ಅರ್ಧ ಬಕೆಟ್ ನೀರಿಗೆ ಎರಡು ಚಿಕ್ಕ ಚಮಚ ಸಾಕು. ಗಾಢ ಬಣ್ಣದವಕ್ಕೆ ಅಂಟವಾಳಕಾಯಿ. ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತದೆ. ಎಂಟು ಹತ್ತು ಕಾಯಿಯ ಬೀಜ ತೆಗೆದು, ರಾತ್ರಿ ಒಂದು ಲೀಟರ್ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಕಾಲು ಗಂಟೆ ಕುದಿಸಿ, ಆರಿದ ಮೇಲೆ ಬಟ್ಟೆಯಲ್ಲಿ ಸೋಸಿಕೊಳ್ಳುತ್ತೇನೆ. ಸವಳು ನೀರಿಗೆ ಅಂಟವಾಳದಷ್ಟು ಒಳ್ಳೆಯದು ಬೇರೆ ಇಲ್ಲ ಅಂತ ನನಗನಿಸುತ್ತದೆ. ಅದರ ನೊರೆ ಸೋಪಿನದಲ್ಲ, ಹಾಗಾಗಿ ಸುಣ್ಣದ ಜೊತೆ ಸೇರಿ ಗಸಿ ಕಟ್ಟುವುದಿಲ್ಲ. ಅದರ ರಸ ಕಂದು ಬಣ್ಣ, ಬಿಳಿ ರೇಷ್ಮೆಗೆ ಛಾಯೆ ಹಿಡಿಯಬಹುದು. ಮಾಡಿದ ರಸ ಒಂದೆರಡು ದಿನದಲ್ಲಿ ಹುಳಿಯಾಗುತ್ತದೆ, ಬೇಕಾದಷ್ಟೇ ಮಾಡಿಕೊಳ್ಳಿ.

ದಿಂಬಿನ ಕವರ್‌ಗೆ ನಮ್ಮ ಮನೆಗಳಲ್ಲಿ ದೊಡ್ಡ ತೊಂದರೆ ಅಂದರೆ ಕೊಬ್ಬರಿ ಎಣ್ಣೆ. ತಲೆ ಇಟ್ಟ ಜಾಗದಲ್ಲಿ ಎಣ್ಣೆ ಗುರುತು ಮೂಡುತ್ತದೆ. ಅದನ್ನು ನೀರಿಗೆ ಹಾಕುವ ಮುಂಚೆಯೇ ನೋಡಿಕೊಳ್ಳಬೇಕು. ಕಾರ್ನ್‌ಫ್ಲೋರ್ ಅಥವಾ ಮಗುವಿಗೆ ಹಚ್ಚುವ ಟಾಲ್ಕಂ ಪೌಡರ್ ಆ ಜಾಗಕ್ಕೆ ಉದುರಿಸಿ ರಾತ್ರಿಯಿಡೀ ಬಿಡುತ್ತೇನೆ. ಎಣ್ಣೆಯನ್ನು ಅದು ಹೀರಿಕೊಳ್ಳುತ್ತದೆ. ಬೆಳಿಗ್ಗೆ ಮೆಲ್ಲಗೆ ಕೊಡವಿ, ಉಳಿದ ಗುರುತಿನ ಮೇಲೆ ಲಿಕ್ವಿಡ್‌ನ ಒಂದು ಹನಿ ಇಟ್ಟು ಬೆರಳಲ್ಲಿ ಒತ್ತುತ್ತೇನೆ. ಉಜ್ಜುವುದಿಲ್ಲ. ಒದ್ದೆ ರೇಷ್ಮೆಯನ್ನು ಉಜ್ಜಿದರೆ ಎಳೆಯ ಮೇಲ್ಮೈ ಸವೆದು ಬಿಳುಚಿದ ಪಟ್ಟೆ ಏಳುತ್ತದೆ. ಎಣ್ಣೆ ಕಲೆಯಾದರೂ ಹೋಗುತ್ತದೆ, ಆ ಪಟ್ಟೆ ಹೋಗುವುದಿಲ್ಲ. ಅರಿಶಿನ ಹಚ್ಚಿದ ಮುಖದಲ್ಲಿ ಮಾತ್ರ ಆ ದಿಂಬಿಗೆ ಒರಗಬೇಡಿ. ಅರಿಶಿನ ರೇಷ್ಮೆಗೆ ಬಣ್ಣವಾಗಿಯೇ ಹಿಡಿಯುತ್ತದೆ. ಹತ್ತಿ ಬಟ್ಟೆಯಾದರೆ ಬಿಸಿಲಿಗೆ ಹಾಕಿ ಅರಿಶಿನ ತೆಗೆಯಬಹುದು. ರೇಷ್ಮೆಗೆ ಬಿಸಿಲೂ ಆಗುವುದಿಲ್ಲವಲ್ಲ.

ಒಗೆಯುವ ಕೆಲಸ ನಿಜವಾಗಿ ಬಹಳ ಚಿಕ್ಕದು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೋಗುವುದೇ ಬೇಡ. ನುಣುಪಾದ ಪ್ಲಾಸ್ಟಿಕ್ ಟಬ್, ಕೈಗೆ ತಣ್ಣಗೆ ಅನಿಸುವ ನೀರು, ಜಾಸ್ತಿ ಅಂದರೆ 30 ಡಿಗ್ರಿ. ಉಂಗುರ, ಬಳೆ ತೆಗೆದಿಡಿ, ಎಳೆ ಸಿಕ್ಕಿಕೊಳ್ಳುತ್ತದೆ. ಕವರ್ ಒಳಮೈ ಹೊರಗೆ ಮಾಡಿ ನೀರಿನಲ್ಲಿ ಅದ್ದಿ ಅಲ್ಲಾಡಿಸಿ, ಐದು ನಿಮಿಷ ಬಿಟ್ಟು ಮತ್ತೆ ಅಲ್ಲಾಡಿಸಿ ತೆಗೆಯುತ್ತೇನೆ. ಗಂಟೆಗಟ್ಟಲೆ ನೆನೆಹಾಕುವುದು ಬೇಡ. ಹೊಸ ಬಣ್ಣದ ಬಟ್ಟೆಯಾದರೆ ಒದ್ದೆ ಬಿಳಿ ಬಟ್ಟೆಯನ್ನು ಹೊಲಿಗೆಯ ಹತ್ತಿರ ಒತ್ತಿ ನೋಡಿ. ಬಣ್ಣ ಬಿಟ್ಟರೆ ಒಂಟಿಯಾಗಿ ಒಗೆಯಿರಿ.

ಎರಡು ಸಲ ಜಾಲಿಸುತ್ತೇನೆ. ಮೊದಲನೆಯದರಲ್ಲಿ ಅರ್ಧ ಬಕೆಟ್ಟಿಗೆ ಒಂದು ದೊಡ್ಡ ಚಮಚ ಬಿಳಿ ವಿನೆಗರ್. ಉಳಿದ ಸೋಪಿನ ಕ್ಷಾರವನ್ನು, ಸುಣ್ಣದ ಗಸಿಯನ್ನು ಅದು ಬಿಡಿಸುತ್ತದೆ. ಆಮೇಲೆ ಹಿಡಿದಿಟ್ಟ ಸಿಹಿ ನೀರಿನಲ್ಲಿ ಇನ್ನೊಮ್ಮೆ. ವಾಸನೆ ಒಣಗುವಾಗ ಹೋಗುತ್ತದೆ. ಸವಳು ನೀರಿನಿಂದ ಮಂಕಾದ ಹಳೆ ಕವರ್ ನಿಮ್ಮ ಹತ್ತಿರ ಇದ್ದರೆ ಇದನ್ನು ಒಮ್ಮೆ ಮಾಡಿ ನೋಡಿ. ಜರಿ ಇರುವ ಬಟ್ಟೆಗೆ ಮಾತ್ರ ವಿನೆಗರ್ ಬೇಡ.

ದೊಡ್ಡ ಬೆಡ್‌ಶೀಟ್ ಕೈಯಲ್ಲಿ ಒಗೆಯುವುದು ಕಷ್ಟ. ರೇಷ್ಮೆಯ ದಪ್ಪವನ್ನು ಮಾಮ್ಮೆ ಅನ್ನುವ ಅಳತೆಯಲ್ಲಿ ಹೇಳುತ್ತಾರೆ, ಒಂದು ಮಾಮ್ಮೆ ಅಂದರೆ ಚದರ ಮೀಟರ್‌ಗೆ ಸುಮಾರು 4.3 ಗ್ರಾಂ. 19 ಮಾಮ್ಮೆಯ ಡಬಲ್ ಶೀಟ್ ಒಣಗಿದ್ದಾಗ ಅರ್ಧ ಕೆಜಿಗೆ ಸ್ವಲ್ಪ ಜಾಸ್ತಿ. ನೀರು ಕುಡಿದರೆ ಎಷ್ಟೋ ಭಾರ. ರೇಷ್ಮೆ ಒದ್ದೆಯಾದಾಗ ಶಕ್ತಿಯೂ ಕಮ್ಮಿಯಾಗುತ್ತದೆ, ಆ ಭಾರಕ್ಕೆ ಎಳೆದಾಡಿದರೆ ಹೊಲಿಗೆ ಬಿಡುತ್ತದೆ. ಶೀಟ್‌ಗೆ ನಾನು ಫ್ರಂಟ್ ಲೋಡ್ ಮೆಷಿನ್ ಬಳಸುತ್ತೇನೆ. ಜಾಲಿ ಚೀಲದಲ್ಲಿ ಹಾಕಿ, ತಣ್ಣೀರು, ಡೆಲಿಕೇಟ್ ಮೋಡ್, ಅತಿ ಕಮ್ಮಿ ಸ್ಪಿನ್. ಜೀನ್ಸ್, ಟವೆಲ್ ಜೊತೆಗೆ ಹಾಕುವುದಿಲ್ಲ. ಸೆಮಿ ಆಟೊಮ್ಯಾಟಿಕ್ ಟಬ್‌ನಲ್ಲಿ ಬಟ್ಟೆ ತಿರುಚಿಕೊಳ್ಳುತ್ತದೆ. ಅದಕ್ಕಿಂತ ಇಬ್ಬರು ಸೇರಿ ದೊಡ್ಡ ಟಬ್‌ನಲ್ಲಿ ಒಗೆಯುವುದು ವಾಸಿ.

ಹಿಂಡುವುದು ಇಲ್ಲವೇ ಇಲ್ಲ. ದಪ್ಪ ಟವೆಲ್ ಹಾಸಿ, ಮೇಲೆ ಕವರ್ ಹರಡಿ, ಚಾಪೆ ಸುತ್ತುವಂತೆ ಸುತ್ತಿ ಒತ್ತಿದರೆ ನೀರೆಲ್ಲ ಟವೆಲ್‌ಗೆ ಹೋಗುತ್ತದೆ. ಒಣಗಿಸುವ ವಿಷಯದಲ್ಲಿ ನಮ್ಮತ್ತೆಯದು ಒಂದೇ ಮಾತು: "ಬಿಸಿಲಿಗೆ ಬ್ಯಾಡವ್ವಾ, ನೆಳ್ಳಾಗೆ ಹಾಕು." ನೂರಕ್ಕೆ ನೂರು ಸರಿ. ಬಿಸಿಲಿನ ನೇರಳಾತೀತ ಕಿರಣ ರೇಷ್ಮೆಯ ಪ್ರೋಟೀನನ್ನೇ ಒಡೆಯುತ್ತದೆ. ಬಿಳಿ ರೇಷ್ಮೆ ಹಳದಿಯಾಗುವುದು ಅದರಿಂದಲೇ. ನಮ್ಮೂರಲ್ಲಿ ಗಾಳಿಗೇನು ಬರವಿಲ್ಲ, ಜೋಗಿಮಟ್ಟಿ ಕಡೆ ಗುಡ್ಡದ ಮೇಲೆಲ್ಲ ಗಾಳಿಯಂತ್ರ ತಿರುಗುವ ಊರು. ನೆರಳಲ್ಲಿ ಬೇಗ ಒಣಗುತ್ತದೆ. ಅದೇ ಗಾಳಿ ಧೂಳನ್ನೂ ತರುತ್ತದೆ, ಹಾಗಾಗಿ ತಾರಸಿ ಬಿಟ್ಟು ಒಳಗಿನ ವರಾಂಡದಲ್ಲಿ ಹಾಕುತ್ತೇನೆ. ತಂತಿ ಬೇಡ, ತುಕ್ಕಿನ ಗೆರೆ ಬೀಳುತ್ತದೆ. ನೈಲಾನ್ ಹಗ್ಗದ ಮೇಲೆ ಹಳೆ ಪಂಚೆ ಹಾಸಿ ಅದರ ಮೇಲೆ ಹರಡಿ.

ಇಸ್ತ್ರಿ ಮಾಡಲೇಬೇಕು ಅಂತಿಲ್ಲ. ಮಾಡುವುದಾದರೆ ಸ್ವಲ್ಪ ಹಸಿ ಇರುವಾಗಲೇ, ಒಳಮೈಗೆ, ಕಮ್ಮಿ ಬಿಸಿಯಲ್ಲಿ. ಪೂರ್ತಿ ಒಣಗಿದ ಮೇಲೆ ನೀರು ಚಿಮುಕಿಸಿದರೆ ಹನಿಯ ಗುರುತು ಉಳಿಯುತ್ತದೆ. ಬೀದಿಯ ಇದ್ದಿಲಿನ ಇಸ್ತ್ರಿಗೆ ಕೊಡಬೇಡಿ, ಅದರ ಬಿಸಿ ಯಾರ ಹಿಡಿತದಲ್ಲೂ ಇರುವುದಿಲ್ಲ.

ಇಷ್ಟೆಲ್ಲ ಮಾಡುವ ಮುಂಚೆ ನಿಮ್ಮದು ರೇಷ್ಮೆಯೇ ಅಂತ ಖಚಿತ ಮಾಡಿಕೊಳ್ಳಿ. ಅಗ್ಗಕ್ಕೆ ಸಿಗುವ ಸ್ಯಾಟಿನ್ ಕವರ್‌ಗಳು ಬಹುಪಾಲು ಪಾಲಿಯೆಸ್ಟರ್, ಅವಕ್ಕೆ ಈ ಉಪಚಾರ ಬೇಕಿಲ್ಲ. ಒಳ ಹೊಲಿಗೆಯಿಂದ ಒಂದು ಎಳೆ ತೆಗೆದು ಸುಟ್ಟು ನೋಡಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೆರಳಲ್ಲಿ ಪುಡಿಯಾಗುವ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಹೊಸದಾಗಿ ಕೊಳ್ಳುವಾಗ ಸಿಲ್ಕ್ ಮಾರ್ಕ್ ಚೀಟಿ ನೋಡಿ. ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಿಂದ ಇದೆ.

ಒಳಗೆ ರೇಷ್ಮೆ ತುಂಬಿದ ರಜಾಯಿಯನ್ನು ನಾನು ನೀರಿಗೆ ಹಾಕುವುದಿಲ್ಲ. ಗೂಡನ್ನು ಹಿಗ್ಗಿಸಿ ಪದರ ಪದರವಾಗಿ ಎಳೆದು ತುಂಬಿರುತ್ತಾರೆ. ನೀರು ಕುಡಿದರೆ ಆ ಪದರ ಗಂಟುಗಂಟಾಗುತ್ತದೆ. ಮೇಲೊಂದು ಹತ್ತಿಯ ಕವರ್ ಹಾಕಿ, ಕವರ್ ಮಾತ್ರ ಒಗೆದು, ರಜಾಯಿಯನ್ನು ಒಣ ಹವೆಯ ದಿನ ನೆರಳಲ್ಲಿ ಹರಡಿದರೆ ಸಾಕು.

ನನಗೆ ಎಲ್ಲಕ್ಕಿಂತ ಹೆಚ್ಚು ಪ್ರೀತಿ ಇರುವುದು ಅತ್ತೆಯ ಕೌದಿಯ ಮೇಲೆ. ಉಟ್ಟು ಹಳೆಯದಾದ ರೇಷ್ಮೆ ಸೀರೆಗಳನ್ನು ಮೇಲೆ ಹಾಕಿ, ಒಳಗೆ ಹತ್ತಿ ಸೀರೆಗಳನ್ನು ಪದರವಾಗಿ ಇಟ್ಟು ಕೈಯಲ್ಲೇ ಹೊಲಿದದ್ದು. ಇದು ಅತಿ ನಾಜೂಕು. ಮೇಲಿನ ರೇಷ್ಮೆ ಮೊದಲೇ ಸವೆದಿದೆ. ಒಳಗಿನ ಹತ್ತಿ ನೀರು ಕುಡಿದು ಭಾರವಾದರೆ ಆ ಭಾರವೆಲ್ಲ ಬೀಳುವುದು ಸಣ್ಣ ಸಣ್ಣ ಹೊಲಿಗೆಗಳ ಮೇಲೆ. ಒಂದು ಸೀರೆಯ ಬಣ್ಣ ಇನ್ನೊಂದಕ್ಕೆ ಹತ್ತುವ ಭಯ ಬೇರೆ. ಅದಕ್ಕೇ ಕೌದಿಗೆ ಸಾಧ್ಯವಾದಷ್ಟು ಕಮ್ಮಿ ನೀರು. ಮುಖಕ್ಕೆ ತಾಗುವ ಅಂಚಿಗೆ ಒಂದು ಗೇಣು ಅಗಲದ ಹತ್ತಿ ಪಟ್ಟಿ ದೊಡ್ಡ ಹೊಲಿಗೆಯಲ್ಲಿ ಕೂಡಿಸಿದ್ದೇನೆ. ಬೆವರು, ಎಣ್ಣೆ ಎಲ್ಲ ಅದಕ್ಕೇ ಹತ್ತುತ್ತದೆ, ಅದನ್ನೇ ಬಿಚ್ಚಿ ಒಗೆಯುತ್ತೇನೆ. ಒಗೆಯಲೇಬೇಕಾದ ವರ್ಷ ಬಿಡುತ್ತಿರುವ ಹೊಲಿಗೆಗಳನ್ನು ಮೊದಲು ಭದ್ರ ಮಾಡುತ್ತೇನೆ. ಆಮೇಲೆ ದೊಡ್ಡ ಟಬ್‌ನಲ್ಲಿ ಮಡಿಸಿಯೇ ಇಟ್ಟು, ಲಿಕ್ವಿಡ್ ಬೆರೆಸಿದ ನೀರನ್ನು ಅಂಗೈಯಲ್ಲಿ ಒತ್ತಿ ಒತ್ತಿ ಹಾಯಿಸುತ್ತೇನೆ. ಎತ್ತುವಾಗ ಕೆಳಗಿನಿಂದ ಎರಡೂ ಕೈ ಕೊಟ್ಟು ಎತ್ತಬೇಕು, ಅಂಚು ಹಿಡಿದು ಎಳೆಯಬಾರದು. ಹಗ್ಗಕ್ಕೆ ನೇತು ಹಾಕದೆ, ಹಗ್ಗದ ಮಂಚದ ಮೇಲೆ ಬಟ್ಟೆ ಹಾಸಿ ಹರಡುತ್ತೇನೆ, ಕೆಳಗಿನಿಂದಲೂ ಗಾಳಿ ಆಡುತ್ತದೆ.

ತೆಗೆದಿಡುವಾಗ ಯಾವುದನ್ನೂ ಕೊಳೆ ಇಟ್ಟು ಮಡಿಸುವುದಿಲ್ಲ. ರೇಷ್ಮೆ ತಿನ್ನುವ ಹುಳು ಮೊದಲು ಹುಡುಕಿ ಬರುವುದೇ ಬೆವರು, ಎಣ್ಣೆ ಹತ್ತಿದ ಜಾಗಕ್ಕೆ. ಪ್ಲಾಸ್ಟಿಕ್ ಕವರ್‌ನಲ್ಲಿ ತೇವ ಸಿಕ್ಕಿಕೊಳ್ಳುತ್ತದೆ, ಹತ್ತಿ ಬಟ್ಟೆಯಲ್ಲೇ ಸುತ್ತಿ. ಒಣಗಿದ ಬೇವಿನ ಸೊಪ್ಪನ್ನು ಸಣ್ಣ ಬಟ್ಟೆ ಚೀಲದಲ್ಲಿ ಕಟ್ಟಿ ಪಕ್ಕದಲ್ಲಿಡುತ್ತೇನೆ. ನುಸಿಗುಳಿಗೆ ಹಾಕುವುದಾದರೆ ಅದು ರೇಷ್ಮೆಗೂ ಜರಿಗೂ ನೇರವಾಗಿ ತಾಗದಿರಲಿ. ಕೆಲವು ತಿಂಗಳಿಗೊಮ್ಮೆ ತೆಗೆದು ಮಡಿಕೆ ಬದಲಿಸಿ, ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇದ್ದರೆ ಅಲ್ಲೇ ಸೀಳುತ್ತದೆ.

ಡ್ರೈ ಕ್ಲೀನಿಂಗ್‌ಗೆ ನಾನು ಕೊಡುವುದು ಜರಿ ಜಾಸ್ತಿ ಇರುವ ಹೊದಿಕೆ, ಎಷ್ಟು ಸಲ ಪರೀಕ್ಷಿಸಿದರೂ ಬಣ್ಣ ಬಿಡುವ ಬಟ್ಟೆ, ಮತ್ತೆ ಮನೆಯಲ್ಲಿ ಹೋಗದ ಹಳೆ ಕಲೆ. ಕೊಡುವಾಗ ಇದು ಎಣ್ಣೆ ಕಲೆ, ಇದು ಕಾಫಿ ಕಲೆ, ಇದಕ್ಕೆ ಮನೆಯಲ್ಲಿ ಇಂಥದ್ದು ಹಾಕಿದ್ದೇನೆ ಅಂತ ಬಾಯಿಬಿಟ್ಟು ಹೇಳಿ. ಒಂದೊಂದು ಕಲೆಗೆ ಅವರು ಹಾಕುವುದು ಬೇರೆ ಬೇರೆ, ಗೊತ್ತಿಲ್ಲದೆ ಬಿಸಿ ಕೊಟ್ಟರೆ ಕಲೆ ಅಲ್ಲೇ ಕೂತುಬಿಡುತ್ತದೆ.