ಅಮೆರಿಕದಲ್ಲಿ ಪಿಕೆಟಿಂಗ್: ಕಾನೂನಿನ ಗೆರೆ ದಾಟದೆ ಮಾಡುವುದು ಹೇಗೆ?

ಸಂಬಳದ ಜಗಳಕ್ಕೆ ನೌಕರರು ಕಂಪನಿಯ ಗೇಟಿನ ಮುಂದೆ ಫಲಕ ಹಿಡಿದು ನಿಲ್ಲುವುದೇ ಪಿಕೆಟಿಂಗ್. ಅಮೆರಿಕದಲ್ಲಿ ಇದಕ್ಕೆ ಕಾನೂನಿನ ರಕ್ಷಣೆ ಇದೆ. ಆದರೆ ಅದೇ ನೌಕರರು ತಮ್ಮ ಕಂಪನಿಗೆ ಸರಕು ಕೊಡುವ ಬೇರೆ ಕಂಪನಿಯ ಗೇಟಿಗೆ ಹೋಗಿ, ಅಲ್ಲಿನ ಕೆಲಸ ನಿಲ್ಲಿಸಲು ನೋಡಿದರೆ ಅದು ಸೆಕೆಂಡರಿ ಬಾಯ್ಕಾಟ್ ಆಗುತ್ತದೆ. 1947ರ ಟಾಫ್ಟ್-ಹಾರ್ಟ್ಲಿ ಕಾಯ್ದೆ ಇದನ್ನು ನಿಷೇಧಿಸಿತು. ಅಧ್ಯಕ್ಷ ಟ್ರೂಮನ್ ವೀಟೋ ಮಾಡಿದರೂ ಕಾಯ್ದೆ ಪಾಸಾಯಿತು. 1959ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿದರು. ಅಲ್ಲಿ ಯೂನಿಯನ್ ಕಟ್ಟುವವರು ಮೊದಲ ಫಲಕ ಬರೆಯುವ ಮುನ್ನವೇ ಈ ಗೆರೆ ಎಲ್ಲಿದೆ ಎಂದು ತಿಳಿದಿರಬೇಕು.

ಮೊದಲು, ಈ ಕಾನೂನು ನಿಮಗೆ ಅನ್ವಯಿಸುತ್ತದೆಯೇ ನೋಡಿ. ರೈಲ್ವೆ ಮತ್ತು ವಿಮಾನ ಕಂಪನಿಗಳ ನೌಕರರಿಗೆ ಬೇರೆಯೇ ಕಾಯ್ದೆ ಇದೆ. ಹೊಲದಲ್ಲಿ ದುಡಿಯುವವರನ್ನು 1935ರಲ್ಲೇ ರಾಷ್ಟ್ರೀಯ ಕಾರ್ಮಿಕ ಕಾಯ್ದೆಯಿಂದ ಹೊರಗಿಟ್ಟರು. ಟಾಫ್ಟ್-ಹಾರ್ಟ್ಲಿ ಈ ಕಾಯ್ದೆಗೇ ಬಂದ ತಿದ್ದುಪಡಿ. ಅದು ದೊಡ್ಡ ಅನ್ಯಾಯ. ಆದರೆ ರಕ್ಷಣೆ ಇಲ್ಲದವರಿಗೆ ಆ ಕಾಯ್ದೆಯ ನಿಷೇಧವೂ ಇರಲಿಲ್ಲ. 1965ರಲ್ಲಿ ಕ್ಯಾಲಿಫೋರ್ನಿಯಾದ ಡೆಲಾನೋದಲ್ಲಿ ಲ್ಯಾರಿ ಇಟ್ಲಿಯಾಂಗ್, ಸೀಸರ್ ಚಾವೇಝ್ ಮುಂದಾಳತ್ವದಲ್ಲಿ ದ್ರಾಕ್ಷಿ ತೋಟದ ಕಾರ್ಮಿಕರು ಮುಷ್ಕರ ಹೂಡಿದರು. ದ್ರಾಕ್ಷಿ ಮಾರುವ ಅಂಗಡಿಗಳ ಮುಂದೆಯೂ ನಿಂತರು. ಐದು ವರ್ಷ ಪಟ್ಟು ಬಿಡಲಿಲ್ಲ. 1970ರಲ್ಲಿ ಬೆಳೆಗಾರರು ಒಪ್ಪಂದಕ್ಕೆ ಸಹಿ ಹಾಕಿದರು.

ಎರಡನೆಯದು, ಜಗಳ ಯಾರ ಜೊತೆ? ನಿಮಗೆ ಸಂಬಳ ಕೊಡುವ ಕಂಪನಿಯ ಹೆಸರನ್ನು ಸ್ಪಷ್ಟವಾಗಿ ಬರೆದಿಟ್ಟುಕೊಳ್ಳಿ. ಉಳಿದವರೆಲ್ಲ ಕಾನೂನಿನ ಕಣ್ಣಲ್ಲಿ ಮೂರನೆಯವರು. ಇದಕ್ಕೊಂದು ಮುಖ್ಯ ವಿನಾಯಿತಿ ಇದೆ. ಮುಷ್ಕರದಿಂದ ನಿಂತ ಕೆಲಸವನ್ನು ನಿಮ್ಮ ಕಂಪನಿಯ ಜೊತೆ ಮಾತಾಡಿಕೊಂಡು ಇನ್ನೊಂದು ಕಂಪನಿ ಮಾಡಿಕೊಟ್ಟರೆ, ಅದು ಇನ್ನು ಮೂರನೆಯವರಲ್ಲ. ಅದರ ಗೇಟಿನಲ್ಲೂ ನಿಲ್ಲಬಹುದು.

ಮೂರನೆಯದು ಜಾಗ. ಹೆಚ್ಚಿನವರು ಎಡವುವುದು ಇಲ್ಲೇ. ನಿಮ್ಮ ಕಂಪನಿಯ ಕೆಲಸ ಬೇರೆಯವರ ಆವರಣದೊಳಗೆ ನಡೆಯುತ್ತಿದ್ದರೆ ಎಲ್ಲಿ ನಿಲ್ಲುವುದು? 1950ರ ಮೂರ್ ಡ್ರೈ ಡಾಕ್ ಪ್ರಕರಣ ಇದಕ್ಕೆ ದಾರಿ ತೋರಿಸಿತು. ನಾವಿಕರ ಯೂನಿಯನ್‌ಗೆ ಜಗಳವಿದ್ದದ್ದು ಒಂದು ಹಡಗಿನ ಮಾಲೀಕರ ಜೊತೆ. ಆದರೆ ಹಡಗು ಮಾರ್ಪಾಡಿನ ಕೆಲಸಕ್ಕೆಂದು ಮೂರ್ ಕಂಪನಿಯ ಯಾರ್ಡ್ ಒಳಗಿತ್ತು. ಒಳಗೆ ಬರಲು ಯೂನಿಯನ್ ಅನುಮತಿ ಕೇಳಿತು, ಸಿಗಲಿಲ್ಲ. ಆಮೇಲೆ ಯಾರ್ಡ್ ಬಾಗಿಲಲ್ಲಿ ನಿಂತರು. ಮೂರ್ ಕೆಲಸಗಾರರು ಆ ಒಂದು ಹಡಗನ್ನು ಮುಟ್ಟಲಿಲ್ಲ, ಬೇರೆ ಹಡಗುಗಳ ಕೆಲಸ ಎಂದಿನಂತೆ ಮಾಡಿದರು. ಈ ಕಾಯ್ದೆಯನ್ನು ಜಾರಿ ಮಾಡುವ ಸರ್ಕಾರಿ ಸಂಸ್ಥೆಯಾದ ಕಾರ್ಮಿಕ ಸಂಬಂಧ ಮಂಡಳಿ ಇದು ಸರಿ ಎಂದಿತು. ನಾಲ್ಕು ಷರತ್ತು ಹಾಕಿತು: ನಿಮ್ಮ ಕಂಪನಿ ಅಲ್ಲಿ ಇರುವಾಗ ಮಾತ್ರ ನಿಲ್ಲಬೇಕು, ಅದು ಅಲ್ಲಿ ತನ್ನ ಮಾಮೂಲಿ ಕೆಲಸ ಮಾಡುತ್ತಿರಬೇಕು, ಕೆಲಸದ ಜಾಗಕ್ಕೆ ಆದಷ್ಟು ಹತ್ತಿರ ನಿಲ್ಲಬೇಕು, ಜಗಳ ಯಾರ ಜೊತೆ ಎಂದು ಫಲಕದಲ್ಲಿ ಸ್ಪಷ್ಟವಾಗಿ ಇರಬೇಕು.

ಗುತ್ತಿಗೆದಾರರಿಗೆ ಕಂಪನಿ ಬೇರೆ ಗೇಟ್ ಮಾಡಿದ್ದರೆ? ಬೋರ್ಡ್ ನೋಡಿದ ಕೂಡಲೇ ವಾಪಸ್ ಬರಬೇಡಿ. ಆ ಗೇಟಿನಿಂದ ಹೋಗುವವರು ಏನು ಕೆಲಸ ಮಾಡುತ್ತಾರೆ ಎಂದು ಗಮನಿಸಿ. ಕಾರ್ಖಾನೆಯ ದಿನನಿತ್ಯದ ಕೆಲಸಕ್ಕೆ ಸಂಬಂಧಿಸಿದ್ದಾದರೆ ಅಲ್ಲೂ ನಿಲ್ಲಬಹುದು ಎಂದು ಜನರಲ್ ಎಲೆಕ್ಟ್ರಿಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1961ರಲ್ಲಿ ಹೇಳಿದೆ.

ಈಗ ಗಿರಾಕಿಗಳ ಹತ್ತಿರ ಹೋಗೋಣ. ವಾಷಿಂಗ್ಟನ್ ರಾಜ್ಯದ ಹಣ್ಣು ಪ್ಯಾಕಿಂಗ್ ಕಾರ್ಮಿಕರು, ತಮ್ಮ ಕಂಪನಿಗಳ ಸೇಬು ಮಾರುತ್ತಿದ್ದ ಸಿಯಾಟಲ್‌ನ 46 ಸೇಫ್‌ವೇ ದಿನಸಿ ಅಂಗಡಿಗಳ ಮುಂದೆ ನಿಂತರು. ಎಷ್ಟು ಜೋಪಾನವಾಗಿ ಗೊತ್ತಾ? ಅಂಗಡಿ ತೆರೆದ ಮೇಲೇ ಬಂದರು. ಗಿರಾಕಿಗಳ ಬಾಗಿಲಲ್ಲಿ ಮಾತ್ರ ಓಡಾಡಿದರು. ಸರಕು ಇಳಿಸುವ ಕಡೆ ಸುಳಿಯಲಿಲ್ಲ. ಅಂಗಡಿಯ ನೌಕರರಿಗೆ ಅಡ್ಡಿ ಮಾಡಲಿಲ್ಲ. ಈ ಸೇಬು ಕೊಳ್ಳಬೇಡಿ ಎಂದರೇ ಹೊರತು ಈ ಅಂಗಡಿಗೆ ಹೋಗಬೇಡಿ ಎನ್ನಲಿಲ್ಲ. 1964ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಿತು. ನಿಮ್ಮ ಫಲಕದಲ್ಲೂ ವಸ್ತುವಿನ ಹೆಸರು ಇರಲಿ. ಆದರೆ ಆ ಒಂದು ವಸ್ತುವನ್ನೇ ನಂಬಿ ಬದುಕುವ ಅಂಗಡಿಯ ಮುಂದೆ ಈ ದಾರಿ ನಡೆಯುವುದಿಲ್ಲ. 1980ರ ಸೇಫ್ಕೋ ತೀರ್ಪು ಅದನ್ನು ಮುಚ್ಚಿತು.

ಅನುಮಾನ ಇದ್ದರೆ ಫಲಕ ಕೆಳಗಿಟ್ಟು ಕರಪತ್ರ ಹಂಚಿ. ಫ್ಲೋರಿಡಾದ ಮಾಲ್ ಒಂದರಲ್ಲಿ ಯಾವ ಅಂಗಡಿಯಲ್ಲೂ ಕೊಳ್ಳಬೇಡಿ ಎಂದು ಕರಪತ್ರ ಹಂಚಿದ್ದನ್ನೂ 1988ರಲ್ಲಿ ಸುಪ್ರೀಂ ಕೋರ್ಟ್ ತಪ್ಪೆನ್ನಲಿಲ್ಲ. ಬೀದಿಯಲ್ಲಿ ಗಾಳಿ ತುಂಬಿದ ದೊಡ್ಡ ಇಲಿ ಬೊಂಬೆ ನಿಲ್ಲಿಸುವುದು ಅಲ್ಲಿನ ಯೂನಿಯನ್‌ಗಳ ಹಳೇ ರೂಢಿ. ಅದಕ್ಕೂ ಮಂಡಳಿ 2011ರಲ್ಲಿ, ಮತ್ತೆ 2021ರಲ್ಲಿ ಒಪ್ಪಿಗೆ ಕೊಟ್ಟಿದೆ.

ದಿನಗಳ ಲೆಕ್ಕವೂ ಇದೆ. ಯೂನಿಯನ್‌ಗೆ ಮಾನ್ಯತೆ ಕೇಳಿ ಪಿಕೆಟಿಂಗ್ ಮಾಡುವುದಾದರೆ, ನೌಕರರಿಗೆ ಆ ಯೂನಿಯನ್ ಬೇಕೇ ಎಂದು ಮತ ಕೇಳುವ ಚುನಾವಣೆಗೆ ಹೆಚ್ಚೆಂದರೆ 30 ದಿನದೊಳಗೆ ಮಂಡಳಿಗೆ ಅರ್ಜಿ ಹಾಕಬೇಕು. ಆಸ್ಪತ್ರೆಯಾದರೆ 10 ದಿನ ಮೊದಲೇ ಲಿಖಿತ ನೋಟಿಸ್ ಕೊಡಬೇಕು.

ಗೆರೆ ದಾಟಿದರೆ ಏನಾಗುತ್ತದೆ? ಸೆಕೆಂಡರಿ ಬಾಯ್ಕಾಟ್ ದೂರನ್ನು ಮಂಡಳಿ ಎಲ್ಲಕ್ಕಿಂತ ಮೊದಲು ತನಿಖೆ ಮಾಡಲೇಬೇಕು. ದೂರಿನಲ್ಲಿ ಹುರುಳಿದೆ ಎನಿಸಿದರೆ ಕೋರ್ಟಿಗೆ ಹೋಗಿ ತಡೆಯಾಜ್ಞೆ ಕೇಳಲೇಬೇಕು. ಕಂಪನಿ ನಷ್ಟ ಪರಿಹಾರಕ್ಕೂ ದಾವೆ ಹೂಡಬಹುದು. ಯೂನಿಯನ್ ಕಟ್ಟಿದ್ದಕ್ಕೆ ಮಾಲೀಕ ಕೆಲಸದಿಂದ ತೆಗೆದರೆ ಮಾತ್ರ ಇಂಥ ಕಡ್ಡಾಯ ಇಲ್ಲ. ಆಗ ತಡೆಯಾಜ್ಞೆ ಕೇಳುವುದು ಬಿಡುವುದು ಮಂಡಳಿಯ ಇಷ್ಟ. ಈ ಕಾಯ್ದೆಯಡಿ ಮಾಲೀಕರಿಗೆ ದಂಡವೂ ಇಲ್ಲ. ಈ ತಕ್ಕಡಿ ಒಂದೇ ಕಡೆ ವಾಲಿದೆ ಅಂತ ನನಗೆ ಖಚಿತವಾಗಿ ಅನಿಸುತ್ತದೆ.

ಹಾಗಾಗಿ ದಾಖಲೆ ಇಟ್ಟುಕೊಳ್ಳುವುದನ್ನು ಮರೆಯಬೇಡಿ. ಪ್ರತಿ ಫಲಕದ ಫೋಟೋ ತೆಗೆಯಿರಿ. ಯಾರು ಯಾವ ಗೇಟಿನಲ್ಲಿ ಎಷ್ಟು ಹೊತ್ತು ನಿಂತರು, ನಿಮ್ಮ ಕಂಪನಿಯ ಗಾಡಿ ಎಷ್ಟಕ್ಕೆ ಬಂತು, ಎಷ್ಟಕ್ಕೆ ಹೋಯಿತು ಎಂದು ಅಂದಂದೇ ಬರೆದಿಡಿ. ಗಾಡಿ ಹೊರಟ ಮೇಲೆ ನೀವೂ ಅಲ್ಲಿಂದ ಹೊರಡಿ.