ವಿಜಯಪುರದ ಬೇಸಿಗೆಯಲ್ಲಿ ಥೀಟಾ ತಾಪಮಾನ ಅಳೆದ ಬಗೆ

ಥೀಟಾ ತಾಪಮಾನ ಎಂದರೆ ಪಾಲಿಮರಿನ ಬಲು ಉದ್ದದ ಸರಪಳಿಗಳೂ ದ್ರಾವಕದಿಂದ ಬೇರ್ಪಡದೆ ಕರಗಿ ಉಳಿಯುವ ಕೆಳಗಿನ ಮಿತಿ. ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ ಮತ್ತು ಸೈಕ್ಲೋಹೆಕ್ಸೇನ್ ಎಂಬ ದ್ರಾವಕದ ಜೋಡಿಗೆ ಅದು ಸುಮಾರು 34.5 ಡಿಗ್ರಿ ಸೆಲ್ಸಿಯಸ್. ಏಪ್ರಿಲ್ ಮಧ್ಯಾಹ್ನ ವಿಜಯಪುರದ ಕೋಣೆಯೇ ಅದಕ್ಕಿಂತ ಬಿಸಿ. ಮೇಜಿನ ಮೇಲಿಟ್ಟ ದ್ರಾವಣ ತಿಳಿಯಾಗಿಯೇ ಇರುತ್ತದೆ. ಅದೇ ಸೀಸೆ ಜನವರಿಯ ನಸುಕಿನಲ್ಲಿ ಹಾಲು ಹಾಲು. ಹೀಗಾಗಿ ಬೇಸಿಗೆಯಲ್ಲಿ ಇಲ್ಲಿ ಕಾಯಿಸುವುದು ಸಲೀಸು, ತಣಿಸುವುದೇ ಕೆಲಸ.

ಸುಮಾರು 2 ಲಕ್ಷ ಅಣುತೂಕದ, ಸರಪಳಿಗಳ ಉದ್ದ ಹೆಚ್ಚುಕಡಿಮೆ ಒಂದೇ ಇರುವ ಪಾಲಿಸ್ಟೈರೀನ್ ತೆಗೆದುಕೊಂಡೆ. ಥರ್ಮಾಕೋಲ್ ಚೂರು ಕರಗಿಸಿದರೂ ಮಬ್ಬು ಬರುತ್ತದೆ, ಆದರೆ ಅದರಲ್ಲಿ ಗಿಡ್ಡ, ಉದ್ದ ಸರಪಳಿಗಳೆಲ್ಲ ಬೆರೆತಿರುತ್ತವೆ. ಉದ್ದದವು ಮೊದಲು ಹೊರಬೀಳುತ್ತವೆ, ಮಬ್ಬುರೇಖೆಯ (ಬೇರೆ ಬೇರೆ ಪ್ರಮಾಣದ ದ್ರಾವಣಗಳಿಗೆ ಮಬ್ಬು ಬರುವ ತಾಪಮಾನಗಳ ಗೆರೆ) ತುದಿಯನ್ನು ಕ್ರಾಂತಿಬಿಂದು (ಎರಡು ಪದರಗಳ ವ್ಯತ್ಯಾಸ ಮಾಯವಾಗುವ ಬಿಂದು) ಎನ್ನಲಾಗದು.

ತೂಕದ ಲೆಕ್ಕದಲ್ಲಿ 2, 4, 6, 8, 10 ಶೇಕಡಾದ ಐದು ಸೀಸೆ, ತಲಾ 10 ಗ್ರಾಂ. ಟೆಫ್ಲಾನ್ ಒಳಪದರದ ತಿರುಪು ಮುಚ್ಚಳವೇ ಬೇಕು, ರಬ್ಬರನ್ನು ಸೈಕ್ಲೋಹೆಕ್ಸೇನ್ ಉಬ್ಬಿಸುತ್ತದೆ. 50 ಡಿಗ್ರಿ ನೀರಿನಲ್ಲಿ ರಾತ್ರಿಯಿಡೀ ಇಟ್ಟು ಆಗಾಗ ಮೆಲ್ಲಗೆ ಹೊರಳಿಸಬೇಕು. ಬೆಂಕಿಯ ಉರಿ ಹತ್ತಿರವೂ ಬೇಡ, ಇದರ ಆವಿ ಸೊನ್ನೆಗಿಂತ ಕೆಳಗೂ ಹೊತ್ತಿಕೊಳ್ಳುತ್ತದೆ. ಮೊದಲೂ ಕೊನೆಗೂ ಸೀಸೆ ತೂಗಿ. ತೂಕ ಇಳಿದಿದ್ದರೆ ದ್ರಾವಕ ಹಾರಿದೆ, ಆ ಅಳತೆ ಬಿಟ್ಟುಬಿಡಿ.

ತಣಿಸಲು ನಾನು ಬಳಸಿದ್ದು ಹರವಿಯ (ಮಣ್ಣಿನ ಗಡಿಗೆಯ) ನೀರು. ತೊಟ್ಟಿಗೆ ಲೋಟದಷ್ಟು ಸುರಿಯುತ್ತ, ಕಲಕುತ್ತ, ನಿಮಿಷಕ್ಕೆ 0.2 ಡಿಗ್ರಿ ಮೀರದಂತೆ ಇಳಿಸಿದೆ. ಹರವಿ ಸಾಲದ ಕಡೆಗೆ ಮಂಜುಗಡ್ಡೆ. ಸೀಸೆಯ ಹಿಂದೆ ಅಚ್ಚಿನ ಸಾಲೊಂದನ್ನು ಇಟ್ಟಿದ್ದೆ. ಮೊದಲು ಬದಿಯಿಂದ ನೋಡಿದರೆ ತುಸು ನೀಲಿ ಛಾಯೆ, ಆಮೇಲೆ ಅಕ್ಷರದ ಅಂಚು ಕರಗುತ್ತದೆ. ಸಾಲು ಓದಲಾಗದ ಕ್ಷಣದ ತಾಪಮಾನವೇ ನನ್ನ ಅಳತೆ. 2 ಲಕ್ಷದ ಮಾದರಿಗೆ ರೇಖೆಯ ತುದಿ 25 ಡಿಗ್ರಿಯ ಆಸುಪಾಸು. ಅವಸರದಿಂದ ತಣಿಸಿದರೆ ಮಬ್ಬು ತಡವಾಗಿ ಬರುತ್ತದೆ, ಅಂಕಿ ಕೆಳಗೆ ಜಾರುತ್ತದೆ. ಮತ್ತೆ ಕಾಯಿಸಿ ತಿಳಿಯಾಗುವ ತಾಪಮಾನವನ್ನೂ ಬರೆದುಕೊಳ್ಳಿ. ಎರಡರ ನಡುವೆ ಅರ್ಧ ಡಿಗ್ರಿ ಮೀರಿದರೆ ಇನ್ನೂ ನಿಧಾನಿಸಿ. ಮಬ್ಬಾದ ಸೀಸೆಯನ್ನು ಹಾಗೇ ಬಿಟ್ಟರೆ ಎರಡು ಪದರ: ಪಾಲಿಮರ್ ಹೆಚ್ಚಿರುವುದು ತಳಕ್ಕೆ.

ಒಂದು ಮಾದರಿಯಿಂದ ಥೀಟಾ ಸಿಗದು. ಬೇರೆ ಬೇರೆ ಅಣುತೂಕದ ನಾಲ್ಕಾದರೂ ಬೇಕು. Tc ಎಂದರೆ ಕ್ರಾಂತಿಬಿಂದುವಿನ ತಾಪಮಾನ. ಕೆಲ್ವಿನ್‌ನಲ್ಲಿ 1/Tc ಅನ್ನು 1/√x + 1/(2x) ಎದುರು ಗುರುತಿಸಿ ಗೆರೆ ಎಳೆದರೆ, x ಅನಂತವಾದಲ್ಲಿ ಸಿಗುವುದು 1/θ. ಇಲ್ಲಿ x ಎಂದರೆ ಪಾಲಿಮರ್ ಮತ್ತು ದ್ರಾವಕದ ಮೋಲಾರ್ ಗಾತ್ರಗಳ ಅನುಪಾತ. 2 ಲಕ್ಷಕ್ಕೆ ಸುಮಾರು 1760. ಪಾಲಿಮರ್ ದ್ರಾವಣಗಳ ಫ್ಲೋರಿ-ಹಗಿನ್ಸ್ ಸಿದ್ಧಾಂತದ ಲೆಕ್ಕದಲ್ಲಿ ಕ್ರಾಂತಿಬಿಂದುವಿನಲ್ಲಿ ಪಾಲಿಮರಿನ ಗಾತ್ರಾಂಶ (ಒಟ್ಟು ಗಾತ್ರದಲ್ಲಿ ಅದರ ಪಾಲು) 1/(1+√x), ಅಂದರೆ ಶೇ. 2.3. ರೇಖೆಯ ತುದಿ ಕೂರುವುದು ಅದರ ಬಲಕ್ಕೆ, ಇನ್ನೂ ದಟ್ಟ ದ್ರಾವಣದಲ್ಲಿ. ಸೀಸೆಗಳನ್ನು ಶೇ. 2ಕ್ಕೇ ನಿಲ್ಲಿಸದೆ 10ರವರೆಗೆ ಒಯ್ದದ್ದು ಅದಕ್ಕೇ.